ಒಬ್ಬರ ಹೆಸರಿಗೆ ಮಾತ್ರ ವಿಮೆ ಇದ್ದ ವರ್ಷ

ಕಳೆದ ತಿಂಗಳು ತ್ರಾಸಿಯ ಹತ್ತಿರ ನನ್ನ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹೆದ್ದಾರಿ ಬದಿಯ ಅಂಗಡಿಯವರು ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿಸಿ, ನೀರಿದ್ದ ಹಳೆಯ ಬೋಗುಣಿಯಲ್ಲಿ ಅದ್ದುತ್ತ ತೂತು ಹುಡುಕುತ್ತಿದ್ದರು. ಒಂದು ಕಡೆಯಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದು ಬಂದವು. ಬಿಸಿಲಿಗೆ ಕಾದ ರಬ್ಬರಿನ ವಾಸನೆ, ಅದರ ಜೊತೆಗೆ ರಸ್ತೆಯಾಚೆಯಿಂದ ಬಂದ ಉಪ್ಪುಗಾಳಿ. ನಾನು ಆ ಬೋಗುಣಿಯನ್ನೇ ನೋಡುತ್ತ ನಿಂತುಬಿಟ್ಟೆ.

"ಹ್ವಾಯ್ ಅಕ್ಕಾ, ಆಯ್ತ್, ಗಾಡಿ ತೆಗೀನಿ," ಎಂದು ಅವರು ಎರಡನೇ ಸಲ ಹೇಳಿದ ಮೇಲೆಯೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ನಾನು ಹತ್ತು ಹನ್ನೆರಡು ವರ್ಷ ಹಿಂದಕ್ಕೆ ಹೋಗಿ ಬಂದಿದ್ದೆ.

ಆಗ ಮರವಂತೆಯಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಕೆಂಪು ಧೂಳು. ಆ ಧೂಳು ದಾಟಿ ಸ್ವಲ್ಪ ಮುಂದೆ, ತೆಂಗಿನ ತೋಟದ ಅಂಚಿಗೆ, ಮೊದಲು ಬಲೆ ಇಡುತ್ತಿದ್ದ ಒಂದು ಹಂಚಿನ ಶೆಡ್ಡಿನಲ್ಲಿ ನಮ್ಮ ಸ್ಕೂಬಾ ಶಾಲೆ. ನಡೆಸುತ್ತಿದ್ದವರು ಸದಾನಂದಣ್ಣ. ಬ್ರಹ್ಮಾವರದ ಕಡೆಯ ಗದ್ದೆ ಮನೆತನದವರು. ಅವರ ಅಣ್ಣತಮ್ಮಂದಿರು ಮುಂಬೈಗೆ ಹೋಗಿ ಹೋಟೆಲು ಹಾಕಿದರೆ, ಇವರು ಅಂಡಮಾನಿಗೆ ಹೋಗಿ ನೀರಿನೊಳಗೆ ಉಸಿರಾಡಲು ಕಲಿತು, ಐವತ್ತರ ಹತ್ತಿರ ಬಂದಾಗ ಊರಿಗೆ ಮರಳಿದ್ದರು. ಅವರಿಗೆ ಒಂದು ದೋಣಿ ಬೇಕಿತ್ತು. ನನ್ನ ಅಪ್ಪಯ್ಯನ ನಾಡದೋಣಿ ಸಿಕ್ಕಿತು. ಫೋನು ತೆಗೆದುಕೊಳ್ಳಲು, ಬಂದವರ ಹೆಸರು ಬರೆದುಕೊಳ್ಳಲು ಒಬ್ಬರು ಬೇಕಿತ್ತು; ಬಿಕಾಂ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಸಿಕ್ಕಿದೆ.

ಮೀನುಗಾರರ ಮನೆಯ ಹೆಣ್ಣುಮಕ್ಕಳು ಮೀನು ಮಾರುತ್ತೇವೆ, ಒಣಗಿಸುತ್ತೇವೆ, ಕಡಲಿನ ಗುಣ ನೋಡಿ ಗಂಡಸರನ್ನು ಕಳಿಸುತ್ತೇವೆ, ಕಾಯುತ್ತೇವೆ. ಒಳಗೆ ಇಳಿಯುವ ರೂಢಿ ನಮ್ಮಲ್ಲಿ ಇರಲಿಲ್ಲ. ಒಂದು ದಿನ ಬರಬೇಕಾದವರು ಬರಲಿಲ್ಲವೆಂದು ಸದಾನಂದಣ್ಣ ನನಗೇ ಸಿಲಿಂಡರ್ ಕಟ್ಟಿ ಇಳಿಸಿದರು. ಹುಟ್ಟಿದಾಗಿನಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಕಡಲು ತಲೆ ಮುಳುಗಿದ ಕೂಡಲೇ ಸುಮ್ಮನಾಯಿತು. ನನ್ನ ಉಸಿರು ನನಗೇ ಕೇಳಿಸಿತು. ನಮ್ಮ ಬುಟ್ಟಿಯಲ್ಲಿ ಕಣ್ಣು ಬಿಟ್ಟುಕೊಂಡು ಬಿದ್ದಿರುತ್ತಿದ್ದ ಬಂಗುಡೆಗಳು ಅಲ್ಲಿ ಬೆಳ್ಳಿಯ ಮೋಡದ ಹಾಗೆ ತಿರುಗಿ ತಿರುಗಿ ಹೋಗುತ್ತಿದ್ದವು. ಮೂರು ವರ್ಷದಲ್ಲಿ ನಾನು ಅಂಡಮಾನಿಗೆ ಹೋಗಿ, ಪರೀಕ್ಷೆ ಪಾಸಾಗಿ, ಕಲಿಸುವವಳಾಗಿ ಬಂದೆ.

ನಾನು ಹೇಳಹೊರಟಿರುವುದು ಅದರ ಮುಂದಿನ ಸೀಸನ್ನಿನ ಮಾತು.

ನವರಾತ್ರಿ ಕಳೆದು ನೀರು ತಿಳಿಯಾಗತೊಡಗಿದ ದಿನಗಳು. ಬೆಳಿಗ್ಗೆ ನಾನು ಶೆಡ್ಡಿಗೆ ಹೋದಾಗ ಸದಾನಂದಣ್ಣ ಒಂದು ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಹೊಣೆಗಾರಿಕೆ ವಿಮೆಯ ನವೀಕರಣದ ಪತ್ರ ಅದು. ನಮ್ಮ ಕೈಹಿಡಿದು ನೀರಿಗೆ ಇಳಿದವರಿಗೆ ಏನಾದರೂ ಆಗಿ, ಅದಕ್ಕೆ ನಾವೇ ಕಾರಣ ಎಂದಾದರೆ ಪರಿಹಾರ ಕೊಡುವ ವಿಮೆ. ಕಲಿಸುವ ಪ್ರತಿಯೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಇರಬೇಕು. ಅದಿಲ್ಲದಿದ್ದರೆ ನಮಗೆ ಯಾರನ್ನೂ ನೀರಿಗೆ ಇಳಿಸುವ ಹಕ್ಕಿಲ್ಲ. ಪ್ರತಿ ವರ್ಷ ಅದರ ಕಂತು ಸ್ವಲ್ಪ ಸ್ವಲ್ಪ ಏರುತ್ತಿತ್ತು. ಈ ಸಲ ಎರಡು ಪಟ್ಟು ದಾಟಿತ್ತು.

"ಎಂತಕ್ಕಂಬ್ರ್ ಇಷ್ಟ್?" ಎಂದೆ.

"ಬೇರೆ ಬೇರೆ ದೇಶದಗೆ ಕೇಸ್ ಆಯ್ತಂಬ್ರ್. ವಿಮೆ ಕೊಡು ಕಂಪೆನಿಗಳೇ ಒಂದೊಂದಾಯಿ ಬಿಟ್ಟ್ ಹೋತಾ ಇತ್ತಂಬ್ರ್."

"ನಮ್ಮ ಕಡ್ಲಗೆ ಯಾರಿಗೂ ಎಂತದೂ ಆಯ್ಲಿಲ್ಲೆ ಅಲ್ದಾ?"

"ಅವ್ರಿಗೆ ಕಡ್ಲ್ ಎಲ್ಲ ಒಂದೇ ಮರಾಯ್ತಿ," ಎಂದು ಸದಾನಂದಣ್ಣ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ನಮ್ಮ ದೇಶದ ಕಂಪೆನಿ ಯಾವುದಾದರೂ ಕೊಟ್ಟೀತೋ ಎಂದು ಕುಂದಾಪುರದ ಏಜೆಂಟ್ ವಾಸುದೇವಣ್ಣನ ಹತ್ತಿರ ಹೋದೆವು. ತಾಲೂಕಿನ ಅರ್ಧ ದೋಣಿಗಳಿಗೆ, ಮುಕ್ಕಾಲು ಬೈಕುಗಳಿಗೆ ವಿಮೆ ಮಾಡಿಸಿದವರು ಅವರು. ಬಿಸಿಲಿಗೂ ಕೊಡೆ ಹಿಡಿಯುವ, ಅರವತ್ತು ದಾಟಿದ ಮನುಷ್ಯ. ಅವರ ಅರ್ಜಿಯಲ್ಲಿ 'ಕೆಲಸದ ವಿವರ' ಎಂದೊಂದು ಜಾಗವಿತ್ತು. ನಾವು ಹೇಳಿದ್ದನ್ನೆಲ್ಲ ಕೇಳಿ ಅವರು ಪೆನ್ನು ಕೆಳಗಿಟ್ಟರು.

"ಕಾಣ್ದೆ ನಾ ಎಂತ ಬರಿಲಿ? ಸುಳ್ಳ್ ಬರುಕೆ ಆತಿಲ್ಲೆ. ಒಂದ್ಸಲ ಬತ್ತೆ."

ಬಂದರು. ಈಜು ಬಾರದವರು. ಮೊದಲು ದಡದ ಹತ್ತಿರ ಸೊಂಟಮಟ್ಟದ ನೀರಿನಲ್ಲಿ ಉಸಿರಾಟ ಹೇಳಿಕೊಟ್ಟೆ. ನೀರಿನೊಳಗೆ ಮಾತಿಲ್ಲ, ಕೈಯೇ ಮಾತು, ಎಲ್ಲ ಸರಿ ಇದ್ದರೆ ಬೆರಳನ್ನು ಉಂಗುರ ಮಾಡಿ ತೋರಿಸಬೇಕು, ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗುವ' ಎಂದರ್ಥ ಎಂದು ಎರಡೆರಡು ಸಲ ಹೇಳಿದೆ. ಆಮೇಲೆ ಅಪ್ಪಯ್ಯನ ದೋಣಿಯಲ್ಲಿ ಜೋಡಿಕಲ್ಲಿಗೆ ಹೋದೆವು. ದಡದಿಂದ ಒಂದು ಗಂಟೆ ದೂರ, ನೀರಿನಿಂದ ತಲೆ ಎತ್ತಿದ ಎರಡು ಕಪ್ಪು ಬಂಡೆ, ಅವುಗಳ ಬುಡದಲ್ಲಿ ನಮ್ಮ ಶಾಲೆಯ ಪಾಠವೆಲ್ಲ.

ವಾಸುದೇವಣ್ಣನ ಕೈ ಮೊದಲು ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿತ್ತು. ಮೂರು ಮೀಟರಿಗೆ ಹೋಗುವಷ್ಟರಲ್ಲಿ ಸಡಿಲವಾಯಿತು. ಮೇಲಿನಿಂದ ಬಿಸಿಲು ಕೋಲು ಕೋಲಾಗಿ ಇಳಿದು ಮರಳಿನ ಮೇಲೆ ಅಲುಗುತ್ತಿತ್ತು. ಒಂದು ಮುರುಮೀನು ಬಂಡೆಯ ಸಂದಿಯಿಂದ ತಲೆ ಹೊರಗೆ ಹಾಕಿ, ಅಂಗಡಿ ಬಾಗಿಲಲ್ಲಿ ನಿಂತ ಸಾಹುಕಾರರ ಹಾಗೆ ನಮ್ಮನ್ನು ನೋಡಿತು. ವಾಸುದೇವಣ್ಣ ಅದರ ಎದುರು ತೇಲುತ್ತ ಹಾಗೆಯೇ ನಿಂತರು. ಅವರ ಬಿಳಿ ಕೂದಲು ಪಾಚಿಯ ಹಾಗೆ ಅತ್ತಿತ್ತ ಆಡುತ್ತಿತ್ತು. ಆಮೇಲೆ ನನ್ನ ಕಡೆ ತಿರುಗಿ, ಮಾಸ್ಕಿನ ಗಾಜಿನೊಳಗೆ ಕಣ್ಣರಳಿಸಿ, ಹೆಬ್ಬೆರಳು ಎತ್ತಿ ತೋರಿಸಿದರು. ನಾನು ತಕ್ಷಣ ಅವರನ್ನು ಹಿಡಿದು ನಿಧಾನಕ್ಕೆ ಮೇಲೆ ತಂದೆ.

ಉಸಿರಿನ ಕೊಳವೆಯ ರಬ್ಬರನ್ನು ಬಾಯಿಂದ ತೆಗೆದವರೇ ಬೈದರು. "ನಾ ಚಂದ ಇತ್ ಅಂದದ್ದ್ ಮರಾಯ್ತಿ! ಮೇಲ್ ತಂದ್ಯಲೆ!"

ದೋಣಿಯಲ್ಲಿ ಅಪ್ಪಯ್ಯ ನಕ್ಕು ನಕ್ಕು ಹುಟ್ಟಿನ ಮೇಲೆ ಬಿದ್ದ.

ವಾಸುದೇವಣ್ಣ ಅರ್ಜಿಯಲ್ಲಿದ್ದ ಜಾಗ ಸಾಲದೆ ಬೇರೆ ಹಾಳೆ ಸೇರಿಸಿ ಬರೆದರು. ನೀರಿನ ಆಳ, ಸಿಲಿಂಡರಿನ ತಪಾಸಣೆ, ಒಬ್ಬರನ್ನು ಹೇಗೆ ಹಿಡಿದುಕೊಂಡು ಹೋಗುತ್ತಾರೆ, ಹೇಗೆ ತರುತ್ತಾರೆ, ಎಲ್ಲ. ಮೂರು ವಾರದ ಮೇಲೆ ಮೇಲಿನ ಕಚೇರಿಯಿಂದ ಒಂದು ಸಾಲಿನ ಉತ್ತರ ಬಂತು. ಈ ತರದ ಅಪಾಯಕ್ಕೆ ನಾವು ವಿಮೆ ಕೊಡುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಅವರು ಬಸ್ಸು ಹತ್ತಿ ಮರವಂತೆಗೇ ಬಂದರು. "ನಾ ಬರ್ದದ್ದ್ ಯಾರೂ ಓದ್ಲಿಲ್ಲೆ ಕಾಣತ್ತ್," ಎಂದಷ್ಟೇ ಹೇಳಿ, ಚಾ ಕುಡಿಯದೆ ಹೋದರು.

ಉಳಿದದ್ದು ಹೊರದೇಶದ ಆ ಒಂದೇ ವಿಮೆ. ಇಬ್ಬರ ಹೆಸರಿಗೆ ಕಟ್ಟಿದರೆ ಶಾಲೆ ಉಳಿಯುವುದಿಲ್ಲ. ಒಬ್ಬರ ಹೆಸರಿಗೆ ಕಟ್ಟಿದರೆ ಇನ್ನೊಬ್ಬರು ಕಲಿಸುವಂತಿಲ್ಲ. ನಾನು ಫೋನು ತೆಗೆಯುವ ಮೇಜಿಗೆ ಮರಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಸದಾನಂದಣ್ಣ ತುಂಬಿಸಿದ ಕಾಗದವನ್ನು ನನ್ನ ಮುಂದಿಟ್ಟರು. ಅದರಲ್ಲಿ ನನ್ನ ಹೆಸರಿತ್ತು.

"ಸದಾನಂದಣ್ಣ, ಶಾಲೆ ನಿಮ್ದ್. ಇದ್ ಸರಿ ಆತಿಲ್ಲೆ."

"ನಾ ಇಪ್ಪತ್ತ್ ವರ್ಷ ನೀರಗಿದ್ದೆ. ನೀನ್ ಈಗ ಇಳ್ದದ್ದ್. ಈಗ ಮೇಲ್ ಹತ್ತ್ ಅಂದ್ರೆ ನೀನ್ ಮತ್ತೆ ಇಳಿತಿಲ್ಲೆ. ನಿನ್ನ ಮದಿ ಆತ್ತ್, ಮಕ್ಳ್ ಆತ್ತ್, ಮುಗಿತ್. ಸಹಿ ಹಾಕ್."

ಸಹಿ ಹಾಕಿದೆ. ಆ ಸೀಸನ್ ಪೂರ್ತಿ ಸದಾನಂದಣ್ಣ ದೋಣಿಯಲ್ಲೇ ಕೂತರು. ಜನರಿಗೆ ಸಿಲಿಂಡರ್ ಕಟ್ಟಿ ಕೊಡುವುದು, ಮಾಸ್ಕ್ ತೊಳೆದು ಕೊಡುವುದು, ನಾವು ಇಳಿದ ಮೇಲೆ ಅಂಚಿಗೆ ಮೊಣಕೈ ಊರಿ ನಮ್ಮ ಗುಳ್ಳೆಗಳನ್ನು ನೋಡುವುದು. ಮೇಲೆ ಬಂದ ಕೂಡಲೇ ಕೇಳುತ್ತಿದ್ದರು: "ಎಷ್ಟ್ ದೂರ ಕಾಣ್ತಿತ್ತ್? ಬಣ್ಣ ಎಂತ ಇತ್ತ್ ಇವತ್ತ್?" ನಾನು ಹೇಳುತ್ತಿದ್ದೆ. ಹಾಲು ಕಲಸಿದ ಹಸಿರು, ಎಳೆ ಅಡಿಕೆ ಹಾಳೆಯ ಹಸಿರು, ಕೆಲವು ದಿನ ಬಣ್ಣವೇ ಇಲ್ಲದ ಹಾಗೆ ತಿಳಿ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

ವಿಮೆಯ ನಿಯಮದಂತೆ ಒಮ್ಮೆಗೆ ಇಬ್ಬರನ್ನು ಮಾತ್ರ ಇಳಿಸುತ್ತಿದ್ದೆ. ಬೈಂದೂರಿನ ಕಡೆಯ ರೆಸಾರ್ಟೊಂದರವರು ಆರು ಜನರನ್ನು ಒಟ್ಟಿಗೆ ಇಳಿಸಿ ಎಂದು ಕೇಳಿ, ನಾವು ಆಗುವುದಿಲ್ಲ ಎಂದ ಮೇಲೆ ಜನ ಕಳಿಸುವುದನ್ನೇ ನಿಲ್ಲಿಸಿದರು. ಕೆಲಸ ಕಡಿಮೆಯಾಯಿತು. ಆದರೆ ಆ ಡಿಸೆಂಬರ್, ಜನವರಿಯ ಬೆಳಗುಗಳ ಹಾಗಿನ ಬೆಳಗು ಮತ್ತೆ ನನಗೆ ಸಿಕ್ಕಿಲ್ಲ. ಕಡಲಿನ ಮೇಲೆ ಮಂಜು, ಎಂಜಿನ್ ನಿಲ್ಲಿಸಿದರೆ ದೋಣಿಗೆ ನೀರು ತಾಗುವ ಸಣ್ಣ ಸದ್ದು, ಹಿಂದೆ ದೂರದಲ್ಲಿ ಕೊಡಚಾದ್ರಿಯ ನೀಲಿ ಗೆರೆ. ನಾನು ದಿನಕ್ಕೆ ಎರಡು ಸಲ ಈ ಲೋಕದಿಂದ ಆ ಲೋಕಕ್ಕೆ ಜನರನ್ನು ಕೈಹಿಡಿದು ಕರೆದೊಯ್ದು, ಕೈಹಿಡಿದು ತಂದು ಬಿಡುತ್ತಿದ್ದೆ.

ಫೆಬ್ರವರಿಯಲ್ಲಿ ಶಿವಮೊಗ್ಗದಿಂದ ಶ್ರೀಧರ ಮೇಷ್ಟ್ರು ಬಂದರು. ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನಿವೃತ್ತಿಗೆ ಹತ್ತಿರ. ಹೆಂಡತಿ ದಡದಲ್ಲೇ ಉಳಿದರು. ಶೀತ, ಕಿವಿನೋವು ಏನಾದರೂ ಇದೆಯೇ ಎಂದು ಕೇಳಿದರೆ ಇಲ್ಲವೇ ಇಲ್ಲ ಎಂದರು. "ಮೂವತ್ತು ವರ್ಷ ಬೋರ್ಡಿನ ಮೇಲೆ ಮೀನಿನ ಚಿತ್ರ ಬರೆದಿದೀನಮ್ಮ. ಒಂದು ಸಲ ಅದರ ಮನೇಲೇ ನೋಡ್ಬೇಕು."

ಆ ದಿನ ನೀರು ಗಾಜಿನ ಹಾಗಿತ್ತು. ಐದು ಮೀಟರಿನ ಹತ್ತಿರ ಮೇಷ್ಟ್ರು ಬಲಗಿವಿಯನ್ನು ಒಮ್ಮೆ ಮುಟ್ಟಿಕೊಂಡರು. ನಾನು ನೋಡಿದೆ. ಸರಿಯಾ ಎಂದು ಬೆರಳಿನ ಉಂಗುರ ಮಾಡಿ ಕೇಳಿದೆ. ಅವರೂ ಉಂಗುರ ಮಾಡಿ ತೋರಿಸಿದರು. ಅಲ್ಲಿ ನಾನು ಅವರನ್ನು ಸ್ವಲ್ಪ ಮೇಲೆ ತಂದು, ಒಳಗಿನ ಒತ್ತಡ ಇಳಿದು ಕಿವಿ ಬಿಟ್ಟುಕೊಳ್ಳುವವರೆಗೆ ಕಾಯಬೇಕಿತ್ತು. ಆದರೆ ಎರಡೇ ಮೀಟರ್ ಕೆಳಗೆ, ಬಂಡೆಯ ನೆರಳಿನಲ್ಲಿ, ಒಂದು ಕಡಲಾಮೆ ಮಲಗಿತ್ತು. ಆ ವರ್ಷ ನಾನು ಕಂಡ ಮೊದಲ ಆಮೆ. ಮೇಷ್ಟ್ರಿಗೆ ಅದನ್ನು ತೋರಿಸುವ ಆಸೆ ನನ್ನದು. ಕೈಹಿಡಿದು ಇಳಿಸಿದೆ.

ಆಮೆ ನಿಧಾನಕ್ಕೆ ತಲೆ ಎತ್ತಿತು. ಅದೇ ಹೊತ್ತಿಗೆ ಮೇಷ್ಟ್ರ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿತು. ನನ್ನ ತೋಳನ್ನು ಎರಡೂ ಕೈಯಲ್ಲಿ ಹಿಡಿದರು; ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯದವರ ಹಾಗೆ ಒಂದು ಸುತ್ತು ವಾಲಿದರು. ಮಾಸ್ಕಿನೊಳಗೆ ತೆಳ್ಳಗೆ ರಕ್ತ. ಅವರು ಮೇಲಕ್ಕೆ ನುಗ್ಗದ ಹಾಗೆ ಎದೆಗೆ ಅವಚಿಕೊಂಡು, ಅವರ ಕಣ್ಣಿನ ಮುಂದೆ ನನ್ನ ಕಣ್ಣಿಟ್ಟು, ಒಂದೊಂದೇ ಉಸಿರಿಗೆ ಒಂದಿಷ್ಟಿಷ್ಟೇ ಮೇಲೆ ತಂದೆ. ಸದಾನಂದಣ್ಣ ಆಗಲೇ ದೋಣಿಯಿಂದ ಅರ್ಧ ಹೊರಗೆ ಬಾಗಿದ್ದರು. ಅಪ್ಪಯ್ಯ ಕಂಕುಳಿಗೆ ಕೈ ಹಾಕಿ ಮೇಷ್ಟ್ರನ್ನು ಎತ್ತಿಕೊಂಡ.

ಕುಂದಾಪುರದ ಡಾಕ್ಟರು ಕಿವಿಯ ತಮಟೆ ಹರಿದಿದೆ, ತನ್ನಷ್ಟಕ್ಕೆ ಕೂಡಿಕೊಳ್ಳಬಹುದು ಎಂದರು. ಮೇಷ್ಟ್ರು ನಗುತ್ತಲೇ ಹೋದರು. ಎರಡು ದಿನದಿಂದ ಇದ್ದ ಶೀತವನ್ನು ಮುಚ್ಚಿಟ್ಟದ್ದು ತನ್ನದೇ ತಪ್ಪು ಎಂದು ಅವರೇ ಹೆಂಡತಿಯ ಮುಂದೆ ಒಪ್ಪಿಕೊಂಡರು.

ವಿಮೆಯ ನಿಯಮದಲ್ಲಿ ಇನ್ನೊಂದು ಮಾತಿತ್ತು. ಯಾರಿಗೆ ಏನೇ ಗಾಯವಾದರೂ, ಅವರು ದೂರು ಕೊಡಲಿ ಬಿಡಲಿ, ನಾವು ವರದಿ ಬರೆದು ಕಳಿಸಬೇಕು. ಕಳಿಸಿದರೆ ಮುಂದಿನ ವರ್ಷದ ಕಂತು ಎಲ್ಲಿಗೆ ಏರುತ್ತದೆಂದು ನಮಗೆ ಗೊತ್ತಿತ್ತು. ಕಳಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆ ಖಾಲಿ ಫಾರಂ ಕೆಲವು ದಿನ ನನ್ನ ಚೀಲದಲ್ಲಿತ್ತು.

"ಬರಿಬೇಡ ಅಂತ ನಾ ಹೇಳ್ತಿಲ್ಲೆ," ಎಂದರು ಸದಾನಂದಣ್ಣ. "ಬರಿ ಅಂತಲೂ ಹೇಳ್ತಿಲ್ಲೆ. ಹೆಸ್ರ್ ನಿಂದ್."

ಹತ್ತನೆಯ ದಿನ ನಾನೇ ಶಿವಮೊಗ್ಗಕ್ಕೆ ಫೋನು ಮಾಡಿದೆ. ತೆಗೆದವರು ಮೇಷ್ಟ್ರ ಹೆಂಡತಿ. ಕಿವಿ ಕೂಡಿಕೊಂಡಿಲ್ಲ, ಸೋರುತ್ತಿದೆ, ಆಪರೇಷನ್ ಆಗಬೇಕಂತೆ ಎಂದರು. ಹಿಂದಿನಿಂದ ಮೇಷ್ಟ್ರು ಕೂಗಿದ್ದು ಕೇಳಿಸಿತು. "ಹಿಂದಿನ ಬೆಂಚಿನವರ ಗಲಾಟೆ ಕೇಳ್ಸಲ್ಲ ಅಷ್ಟೇ ಅಂತ ಹೇಳೇ, ಆರಾಮಾಗಿದೀನಿ." ಅವರಿಬ್ಬರೂ ನನ್ನಿಂದ ಏನನ್ನೂ ಕೇಳಲಿಲ್ಲ.

ಆ ಸಂಜೆಯೇ ಬರೆದೆ. 'ನಡೆದದ್ದನ್ನು ನಿಮ್ಮ ಮಾತಿನಲ್ಲಿ ತಿಳಿಸಿ' ಎಂದಿದ್ದ ಕಡೆ, ಅವರು ಕಿವಿ ಮುಟ್ಟಿಕೊಂಡದ್ದನ್ನು ನಾನು ಕಂಡೆ, ಕಂಡೂ ಇಳಿಸಿದೆ, ಆಮೆಯನ್ನು ತೋರಿಸಬೇಕೆಂಬ ಆಸೆಯಿಂದ ಇಳಿಸಿದೆ ಎಂದು ಬರೆದೆ. ಮೇಷ್ಟ್ರ ಶೀತದ ವಿಷಯವನ್ನೂ ಬರೆದೆ; ಆದರೆ ನನ್ನದನ್ನು ಮೊದಲು ಬರೆದೆ. ಫಾರಂ ಸರಿಯಾಗಿದೆಯೇ ಎಂದು ತೋರಿಸಿದಾಗ ವಾಸುದೇವಣ್ಣ ಅದನ್ನು ಓದಿ, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಹೀಂಗ್ ಬರ್ದವ್ರನ್ನ ನಾ ಕಂಡದ್ದಿಲ್ಲೆ," ಎಂದರು. ಸಾಕ್ಷಿಯ ಜಾಗದಲ್ಲಿ ಸದಾನಂದಣ್ಣ ಸಹಿ ಹಾಕಿದರು. ಅಂಗಳದಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಅಪ್ಪಯ್ಯ, ಎಂತ ಬರೆದದ್ದು ಓದು ಎಂದ. ಇಂಗ್ಲಿಷಿನಲ್ಲಿದ್ದದ್ದನ್ನು ನಮ್ಮ ಮಾತಿನಲ್ಲಿ ಹೇಳಿದೆ. ಅವನು ಆಗಷ್ಟೇ ಕಟ್ಟಿದ ಬಲೆಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

ಏಪ್ರಿಲಿನಲ್ಲಿ ಮೇಷ್ಟ್ರ ಆಪರೇಷನ್ ಆಯಿತು. ಖರ್ಚನ್ನು ವಿಮೆಯವರು ಕೊಟ್ಟರು. ಕಿವಿ ಕೇಳಿಸುವುದು ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಮರಳಿತು. ಅದರ ಬೆನ್ನಿಗೇ ನಮಗೊಂದು ಪತ್ರ ಬಂತು. ಮುಂದಿನ ವರ್ಷ ಇದೇ ಹೆಸರಿಗೆ ವಿಮೆ ಬೇಕಾದರೆ ಇಷ್ಟು ಎಂದು ಬರೆದಿದ್ದರು. ಸದಾನಂದಣ್ಣ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, "ಸಾಕ್," ಎಂದರು. ಕೋಪವಿರಲಿಲ್ಲ. ಮಳೆಗಾಲಕ್ಕೆ ಮೊದಲು ಗಾಳಿ ತುಂಬಿಸುವ ಯಂತ್ರ, ಸಿಲಿಂಡರುಗಳು ಉತ್ತರಕ್ಕೆ ಬೇರೆ ಯಾರಿಗೋ ಹೋದವು. ಅವರು ಬ್ರಹ್ಮಾವರದ ಮನೆಗೆ ಹೋಗಿ ಮಲ್ಲಿಗೆ ಗಿಡ ಹಾಕಿದರು. ನಾನು ಈಗ ಕುಂದಾಪುರದಲ್ಲಿ ಮಕ್ಕಳಿಗೆ ಈಜು ಕಲಿಸುತ್ತೇನೆ. ಕೊಳದ ನೀರಿಗೆ ಒಂದೇ ಬಣ್ಣ. ಆ ಕಾಗದ ಬರೆಯದಿದ್ದರೆ ಶಾಲೆ ಉಳಿಯುತ್ತಿತ್ತೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಒಂದೆರಡು ವರ್ಷ ಉಳಿಯುತ್ತಿತ್ತು. ನಾನು ನೀರಿಗೆ ಇಳಿಯುತ್ತಿದ್ದೆನೇ ಎಂಬುದು ಮಾತ್ರ ಗೊತ್ತಿಲ್ಲ.

ಯಂತ್ರ ಲಾರಿಗೆ ಏರುವ ಮುನ್ನ, ಮೇ ತಿಂಗಳ ಒಂದು ಬೆಳಿಗ್ಗೆ, ನಾವು ಮೂವರೇ ಜೋಡಿಕಲ್ಲಿಗೆ ಹೋದೆವು. ಸದಾನಂದಣ್ಣ ಆ ಸೀಸನ್ನಿನಲ್ಲಿ ಮೊದಲ ಸಲ ರಬ್ಬರ್ ಅಂಗಿ ತೊಟ್ಟರು. ಇಬ್ಬರೂ ಕಲಿಸುವವರು, ಕಲಿಯುವವರು ಯಾರೂ ಇಲ್ಲ. ಯಾವ ನಿಯಮವೂ ನಮ್ಮನ್ನು ತಡೆಯುವಂತಿರಲಿಲ್ಲ. ಮಳೆ ಹತ್ತಿರವಾಗಿ ನೀರು ಸ್ವಲ್ಪ ಕದಡಿತ್ತು. ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಮರಳಿನ ಮೇಲೆ ಚಕ್ಕಳಮಕ್ಕಳ ಕೂತು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮನೆಯ ಜಗಲಿಗೆ ಬಂದವರ ಹಾಗೆ ಸುಮ್ಮನೆ ನೋಡುತ್ತಿದ್ದರು. ಸಣ್ಣ ಮೀನುಗಳು ಬಂದು ಅವರ ಬೆರಳನ್ನು ಕಚ್ಚಿ ನೋಡಿ ಹೋದವು. ಸಿಲಿಂಡರಿನಲ್ಲಿ ಉಳಿದದ್ದು ಮೇಲೆ ಹೋಗಲಿಕ್ಕೆ ಮಾತ್ರ ಸಾಕು ಎನ್ನುವವರೆಗೂ ಇದ್ದೆವು.

ಮೇಲೆ ಬಂದಾಗ ದೋಣಿಯಲ್ಲಿ ಅಪ್ಪಯ್ಯ ಇರಲಿಲ್ಲ.

ನಾನು ಕೂಗಿದ್ದು ನನಗೇ ಕೇಳಿಸಲಿಲ್ಲ. ದೋಣಿಯನ್ನು ಸುತ್ತಿ ಆಚೆ ಬದಿಗೆ ಹೋದೆ. ಅಲ್ಲಿದ್ದ. ಒಂದು ಕೈಯಲ್ಲಿ ಹಗ್ಗ ಹಿಡಿದು, ಯಾರದೋ ಹಳೆಯ ಮಾಸ್ಕ್ ಹಾಕಿಕೊಂಡು, ಮುಖವನ್ನು ನೀರಿನಲ್ಲಿಟ್ಟು ಕೆಳಗೆ ನೋಡುತ್ತ ತೇಲುತ್ತಿದ್ದ. ಭುಜ ಮುಟ್ಟಿದ ಮೇಲೆ ತಲೆ ಎತ್ತಿದ.

ದೋಣಿ ಹತ್ತಿದ ಮೇಲೂ ಎಂಜಿನ್ ಎಳೆಯಲಿಲ್ಲ. ಕೂತ. ಹಣೆಯ ಮೇಲೆ ಮಾಸ್ಕಿನ ಅಚ್ಚು ಬಿದ್ದಿತ್ತು.

"ನಿಂಗೆ ಗೊತ್ತಿಲ್ಲೆ. ನೀನ್ ಹುಟ್ಟುಕೆ ಮುಂಚಿನ ಕಥಿ," ಎಂದು ಶುರು ಮಾಡಿದ. "ನಾನು, ಉಪ್ಪುಂದದ ಕೃಷ್ಣ, ಇಬ್ರೂ ಇದೇ ಕಲ್ಲಿಗ್ ಮಾರುಕೆ ನೀಲಿಕಲ್ಲ್ ಚಿಪ್ಪ್ ತೆಗೂಕೆ ಬತ್ತಿದ್ದಿತ್ತ್. ಒಬ್ಬ ಉಸ್ರ್ ಕಟ್ಟಿ ಮುಳ್ಗುದ್, ಒಬ್ಬ ದೋಣಿಯಗೆ ಹಗ್ಗ ಹಿಡ್ಕಂಡ್ ಕೂಕಂಬುದ್. ಹಗ್ಗ ಎಳ್ದ್ರೆ ಮೇಲ್ ಎತ್ಕ್. ಅವತ್ತ್ ಮುಳುಗಿದ್ದ್ ಅವ. ಕಾಲ್ ಕಲ್ಲಿನ ಸಂದಿಯಗೆ ಸಿಕ್ಕಿತ್ ಕಾಣತ್ತ್. ಅವ ಮತ್ತೆ ಮೇಲ್ ಬರ್ಲಿಲ್ಲೆ." ಅಪ್ಪಯ್ಯ ಹಣೆಯ ನೀರು ಒರೆಸಿಕೊಂಡ. ಸದಾನಂದಣ್ಣ ಟವೆಲ್ಲನ್ನು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ನಿಂತಿದ್ದರು. "ಹಗ್ಗ ಎಳಿಲಿಲ್ಲೆ ಅಂತ ನಾ ಎಲ್ರಿಗೂ ಹೇಳ್ದೆ. ಎಳ್ದಿದ್ದ. ನಾ ಬೀಡಿ ಹಚ್ಚುಕೆ ಹಗ್ಗ ಕೆಳ್ಗ್ ಇಟ್ಟಿದ್ದೆ. ಹಗ್ಗ ಹಲಗಿ ಮೇಲ್ ಜಾರ್ದ ಸದ್ದ್ ಕೇಂತ್. ಕಡ್ಲ್ ಅಲಿ ಎಳ್ದದ್ದ್ ಅಂದ್ಕಂಡೆ."

ಸದಾನಂದಣ್ಣ ಆ ಟವೆಲ್ಲನ್ನು ಅಪ್ಪಯ್ಯನ ಹೆಗಲಿಗೆ ಹೊದಿಸಿದರು.

"ಯಾರೂ ಕೇಂಬುಕೆ ಬರ್ಲಿಲ್ಲೆ. ಬರಿ ಅಂತ ಯಾವ ಕಾಗ್ದವೂ ಬರ್ಲಿಲ್ಲೆ," ಎಂದು ಅಪ್ಪಯ್ಯ ಎದ್ದು ಎಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ.

ಮರುದಿನ ಬೆಳಿಗ್ಗೆ ಅವನು ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟ. ಕೃಷ್ಣನ ಹೆಂಡತಿ ಆಗಿನ್ನೂ ಉಪ್ಪುಂದದಲ್ಲಿ ಬದುಕಿದ್ದರು. ಅಮ್ಮ ಒಲೆಯ ಮುಂದಿನಿಂದಲೇ, ಇಷ್ಟು ಬೇಗ ಎಲ್ಲಿಗೆ ಎಂದು ಕೇಳಿದಳು.

"ಒಬ್ರಿಗೆ ಒಂದ್ ವಿಷ್ಯ ಹೇಳುಕಿತ್ತ್," ಎಂದು ಅಪ್ಪಯ್ಯ ಮೆಟ್ಟಿಲಿಳಿದ.